ಮೆಟ್ನರ್‌ಗೆ ಮೈಸೂರಿನಲ್ಲಿ ಸಿಕ್ಕ ಕಿವಿ

ಮೈಸೂರಿನಲ್ಲಿ ಹುಟ್ಟಿ ಬೆಳೆದ ನನಗೆ ಜಯಚಾಮರಾಜ ಒಡೆಯರು ಮೊದಲು ಪರಿಚಯವಾದದ್ದು ನನ್ನ ಸೋದರತ್ತೆಯ ದನಿಯಲ್ಲಿ. ಅತ್ತೆ ಮನೆಯಲ್ಲೇ ಮಕ್ಕಳಿಗೆ ಸಂಗೀತ ಪಾಠ ಹೇಳುತ್ತಿದ್ದರು. ಮಹಾರಾಜರು ಗಂಭೀರನಾಟ ರಾಗದಲ್ಲಿ ರಚಿಸಿದ ‘ಶ್ರೀ ಜಾಲಂಧರಮಾಶ್ರಯಾಮ್ಯಹಂ’ ಕೃತಿಯನ್ನು ಸಂಜೆಯ ಪಾಠದಲ್ಲಿ ಅವರು ಎಷ್ಟು ಸಲ ಹಾಡಿಸಿದ್ದರೆಂದರೆ, ಪಕ್ಕದ ಕೋಣೆಯಲ್ಲಿ ಲೆಕ್ಕ ಮಾಡುತ್ತ ಕೂತಿರುತ್ತಿದ್ದ ನನಗೂ ಅದರ ಸಂಗತಿಗಳು, ಒಂದೇ ಸಾಲನ್ನು ಬಗೆಬಗೆಯಾಗಿ ಹಾಡುವ ತಿರುವುಗಳು, ಬಾಯಿಪಾಠವಾಗಿದ್ದವು. ಹಳಬರು ಈಗಲೂ ಹಾರ್ಡಿಂಜ್ ಸರ್ಕಲ್ ಎಂದೇ ಕರೆಯುವ ವೃತ್ತದಲ್ಲಿ ನಿಂತಿರುವ ಪ್ರತಿಮೆ ಅವರದು ಎಂಬುದು ಗೊತ್ತಿತ್ತು, ಅವರು 94 ಕೃತಿಗಳನ್ನು ‘ಶ್ರೀವಿದ್ಯಾ’ ಎಂಬ ಮುದ್ರೆಯಲ್ಲಿ ರಚಿಸಿದ್ದಾರೆಂಬುದೂ ಗೊತ್ತಿತ್ತು. ಆದರೆ ಲಂಡನ್ನಿನಲ್ಲಿ ಬಡತನ ಮತ್ತು ಕಾಯಿಲೆಗಳ ನಡುವೆ ದಿನ ದೂಡುತ್ತಿದ್ದ ಒಬ್ಬ ರಷ್ಯನ್ ಸಂಗೀತ ರಚನಕಾರನು ತನ್ನ ಕೊನೆಯ ಪಿಯಾನೊ ಕನ್ಸರ್ಟೊವನ್ನು (ಪಿಯಾನೊ ಮತ್ತು ವಾದ್ಯವೃಂದ ಕೂಡಿ ನುಡಿಸುವ ದೊಡ್ಡ ಕೃತಿಯನ್ನು) ಇದೇ ಮಹಾರಾಜರಿಗೆ ಅರ್ಪಿಸಿದ್ದಾನೆಂಬುದು ನನಗೆ ತಿಳಿದದ್ದು ಊರು ಬಿಟ್ಟು ಹಲವು ವರ್ಷಗಳಾದ ಮೇಲೆ, ಪರ ಊರಿನ ಒಂದು ರಾತ್ರಿ, ಹೆಡ್‌ಫೋನ್ ಹಾಕಿಕೊಂಡು ಕೂತಿದ್ದಾಗ.

ಆ ರಚನಕಾರನ ಹೆಸರು ನಿಕೊಲಾಯ್ ಮೆಟ್ನರ್. ಆ ರಾತ್ರಿ ಕೇಳಿದ ಸಂಗೀತ ನನಗೆ ಅರ್ಥವಾಯಿತೆಂದು ಹೇಳಿದರೆ ಸುಳ್ಳಾಗುತ್ತದೆ. ಏನೋ ದಟ್ಟವಾದದ್ದು, ಒಂದರೊಳಗೊಂದು ಹೆಣೆದುಕೊಂಡದ್ದು ಕಿವಿಯ ಮುಂದೆ ಹಾದುಹೋಯಿತು, ಅಷ್ಟೆ. ಮೈಸೂರಿನ ಹೆಸರಿನ ಆಸೆಯಿಂದ ಮಾರನೆಯ ದಿನ ಮತ್ತೆ ಹಾಕಿದೆ. ಮೂರನೆಯ ದಿನ ಆಸೆ ಹೆಸರಿನದಾಗಿರಲಿಲ್ಲ.

ಮೆಟ್ನರ್ ಹುಟ್ಟಿದ್ದು 1880ರ ಜನವರಿಯಲ್ಲಿ, ಮಾಸ್ಕೋದಲ್ಲಿ. ಆಗ ರಷ್ಯಾದಲ್ಲಿ ಬಳಕೆಯಲ್ಲಿದ್ದ ಹಳೆಯ ಪಂಚಾಂಗದ ಪ್ರಕಾರ ಅದು 1879ರ ಡಿಸೆಂಬರ್. ಮಾಸ್ಕೋ ಕನ್ಸರ್ವೇಟರಿ ಎಂಬ ಸಂಗೀತ ಶಾಲೆಯಿಂದ 1900ರಲ್ಲಿ ಹೊರಬಂದಾಗ ಅವನ ಕೈಯಲ್ಲಿ ಚಿನ್ನದ ಪದಕವಿತ್ತು, ಮುಂದೆ ಪಿಯಾನೊ ವಾದಕನಾಗಿ ಊರೂರು ಸುತ್ತಿ ಹೆಸರು ಮತ್ತು ಹಣ ಗಳಿಸುವ ದಾರಿ ತೆರೆದಿತ್ತು. ಅವನು ಆ ದಾರಿಯನ್ನು ಬಿಟ್ಟ. ತಾನು ಬರೆಯುವವನು, ಬೇರೆಯವರು ಬರೆದದ್ದನ್ನು ನುಡಿಸಿ ಸಭೆಯನ್ನು ಮೆಚ್ಚಿಸುವವನಲ್ಲ ಎಂದು ತೀರ್ಮಾನಿಸಿದಾಗ ಮನೆಯವರಿಗೆ ಅದು ಹಿಡಿಸಲಿಲ್ಲ. ಬೆಂಬಲಕ್ಕೆ ನಿಂತವರು ಹಿರಿಯ ಗುರು ತನೇಯೆವ್ ಮತ್ತು ಅಣ್ಣ ಎಮಿಲ್. ಮುಂದಿನ ಐದು ದಶಕಗಳಲ್ಲಿ ಅವನು ಬರೆದದ್ದು ಹದಿನಾಲ್ಕು ಪಿಯಾನೊ ಸೊನಾಟಾಗಳು (ಒಬ್ಬಿಬ್ಬರು ವಾದಕರಿಗೆಂದು ಬರೆಯುವ ದೀರ್ಘ ಕೃತಿಗಳು), ಮೂರು ಕನ್ಸರ್ಟೊಗಳು, ಮೂರು ವಯೊಲಿನ್ ಸೊನಾಟಾಗಳು, ನೂರಕ್ಕೂ ಹೆಚ್ಚು ಹಾಡುಗಳು ಮತ್ತು ಐದು ವಾದ್ಯಗಳ ಒಂದು ಪಿಯಾನೊ ಕ್ವಿಂಟೆಟ್. ಸಿಂಫನಿ ಇಲ್ಲ, ಆಪೆರಾ ಇಲ್ಲ, ಬ್ಯಾಲೆ ಇಲ್ಲ. ಪಿಯಾನೊ ಇಲ್ಲದ ರಚನೆಯೇ ಇಲ್ಲವೆನ್ನಬಹುದು. ದೊಡ್ಡ ವಾದ್ಯವೃಂದದ ಅಬ್ಬರದಿಂದ ಹೆಸರು ಹಬ್ಬುತ್ತಿದ್ದ ಕಾಲದಲ್ಲಿ ಒಂದೇ ವಾದ್ಯದ ಮುಂದೆ ಜೀವಮಾನವೆಲ್ಲ ಕೂರುವುದೆಂದರೆ ಅರ್ಧ ಮರೆವನ್ನು ತಾನೇ ಆರಿಸಿಕೊಂಡಂತೆ.

ಇವುಗಳ ಜೊತೆಗೆ ಅವನು ‘ಸ್ಕಾಜ್ಕಾ’ ಎಂಬ ಹೆಸರಿನ ಚಿಕ್ಕ ಪಿಯಾನೊ ರಚನೆಗಳನ್ನು ಮೂವತ್ತೆಂಟರಷ್ಟು ಬರೆದಿದ್ದಾನೆ. ಇಂಗ್ಲಿಷಿನಲ್ಲಿ ಇದನ್ನು ಯಕ್ಷಿಣಿಯರ ಕಥೆಗಳೆಂಬ ಅರ್ಥ ಬರುವಂತೆ ಅನುವಾದಿಸುತ್ತಾರೆ, ಆದರೆ ನಮ್ಮ ‘ಅಜ್ಜಿಕಥೆ’ ಎಂಬ ಮಾತು ಅದಕ್ಕೆ ಇನ್ನೂ ಹತ್ತಿರವೆಂದು ನನಗೆ ಅನ್ನಿಸುತ್ತದೆ. ಅಜ್ಜಿಕಥೆಯಲ್ಲಿ ರಾಕ್ಷಸನೂ ಇರುತ್ತಾನೆ, ಸಾವೂ ಇರುತ್ತದೆ, ಹೇಳುವ ದನಿ ಮಾತ್ರ ನಿದ್ದೆಗೆ ಜಾರುತ್ತಿರುವ ಮಗುವಿಗೆ ಹೇಳುವಷ್ಟು ಹತ್ತಿರದ್ದು. 1928ರಲ್ಲಿ ಬರೆದ ಆರು ಸ್ಕಾಜ್ಕಾಗಳ ಗುಚ್ಛವನ್ನು ಮೆಟ್ನರ್ ಇಬ್ಬರು ಕಥಾಪಾತ್ರಗಳಿಗೆ ಅರ್ಪಿಸಿದ್ದಾನೆ: ಒಬ್ಬಳು ಸಿಂಡರೆಲಾ, ಇನ್ನೊಬ್ಬ ಪೆದ್ದ ಇವಾನುಷ್ಕ. ರಷ್ಯನ್ ಕಥೆಗಳಲ್ಲಿ ಈ ಇವಾನುಷ್ಕ ಅಣ್ಣಂದಿರ ತಾತ್ಸಾರಕ್ಕೆ ಗುರಿಯಾಗುವ, ಒಲೆಯ ಬದಿಯಲ್ಲಿ ಕೂತಿರುವ, ಕೊನೆಗೆ ಎಲ್ಲರಿಗಿಂತ ಮುಂದೆ ಹೋಗುವ ಕಿರಿಯ ಮಗ. ಬೂದಿಯ ಪಕ್ಕ ಕೂತ ಹುಡುಗಿಯನ್ನೂ ಒಲೆಯ ಪಕ್ಕ ಕೂತ ಹುಡುಗನನ್ನೂ ಆರಿಸಿಕೊಂಡ ಆ ಅರ್ಪಣೆಯನ್ನು ಓದಿದಾಗಲೆಲ್ಲ ನನಗೆ ಈ ಮನುಷ್ಯನ ಮೇಲೆ ಹೇಳಲಾಗದ ಮಮತೆ ಹುಟ್ಟುತ್ತದೆ.

ಅವನ ಬದುಕಿನ ಒಳಗೂ ಕಥೆಯಂಥದ್ದೇ ಒಂದು ಎಳೆ ಇತ್ತು. ಅವನು ಪ್ರೀತಿಸಿದ ಆನ್ನಾ ಎಂಬ ವಯೊಲಿನ್ ವಾದಕಿ ಅವನ ಅಣ್ಣ ಎಮಿಲ್‌ನ ಹೆಂಡತಿಯಾಗಿದ್ದಳು. ಮೊದಲ ಮಹಾಯುದ್ಧ ಆರಂಭವಾದಾಗ ಜರ್ಮನಿಯಲ್ಲಿ ಸಿಕ್ಕಿಬಿದ್ದು ಶತ್ರುದೇಶದವನೆಂದು ಬಂಧನಕ್ಕೊಳಗಾದ ಎಮಿಲ್, ತಮ್ಮನನ್ನು ಮದುವೆಯಾಗಲು ಆಕೆಯನ್ನು ಬಿಟ್ಟುಕೊಟ್ಟ. ಇದರಲ್ಲಿ ಮೂವರೂ ಪಟ್ಟ ಪಾಡನ್ನು ಹೊರಗಿನವರು ಊಹಿಸಿ ಬರೆಯುವುದು ಸಲ್ಲದು. ಆನ್ನಾ ಮುಂದೆ ಏನು ಮಾಡಿದಳೆಂಬುದನ್ನು ಮಾತ್ರ ಹೇಳಬೇಕು, ಅದಕ್ಕೆ ಆಮೇಲೆ ಬರುತ್ತೇನೆ.

1921ರಲ್ಲಿ ದಂಪತಿ ರಷ್ಯಾ ಬಿಟ್ಟರು. ಅದೇ ವರ್ಷ ರಷ್ಯನ್ ರಚನಕಾರ, ಪಿಯಾನೊ ವಾದಕ ರಾಖ್ಮಾನಿನೊವ್ ಮೆಟ್ನರ್‌ಗೆ ಬರೆಯುತ್ತ, ನನ್ನ ದೃಷ್ಟಿಯಲ್ಲಿ ನಮ್ಮ ಕಾಲದ ಅತಿ ದೊಡ್ಡ ರಚನಕಾರ ನೀನೇ ಎಂದಿದ್ದ. ಲೋಕಪ್ರಸಿದ್ಧನಾದ ಒಬ್ಬ ಕಲಾವಿದ ಹೀಗೆ ಹೇಳಿದ್ದು ಉಪಚಾರದ ಮಾತಾಗಿರಲಿಲ್ಲವೆಂಬುದಕ್ಕೆ ಅವನ ನಡತೆಯೇ ಸಾಕ್ಷಿ: 1924–25ರಲ್ಲಿ ಗೆಳೆಯನಿಗೆ ಅಮೆರಿಕ ಮತ್ತು ಕೆನಡಾಗಳಲ್ಲಿ ಕಚೇರಿಗಳನ್ನು ಏರ್ಪಡಿಸಿದ, ಕೈ ಖಾಲಿಯಾದಾಗಲೆಲ್ಲ ಹಣ ಕಳಿಸಿದ, ತನ್ನ ನಾಲ್ಕನೆಯ ಕನ್ಸರ್ಟೊವನ್ನು ಅವನಿಗೆ ಅರ್ಪಿಸಿದ. ಮೆಟ್ನರ್ ತನ್ನ ಎರಡನೆಯ ಕನ್ಸರ್ಟೊವನ್ನು ರಾಖ್ಮಾನಿನೊವ್‌ಗೆ ಅರ್ಪಿಸಿದ. ಆದರೆ ಬರ್ಲಿನ್ನಿನಲ್ಲಾಗಲಿ ಪ್ಯಾರಿಸ್ಸಿನಲ್ಲಾಗಲಿ ಅವನ ಸಂಗೀತಕ್ಕೆ ನೆಲೆ ಸಿಗಲಿಲ್ಲ. ಪ್ಯಾರಿಸ್ ಆಗ ಹೊಸ ಬಗೆಯ ಸಂಗೀತ ಬರೆಯುತ್ತಿದ್ದ ಸ್ಟ್ರಾವಿನ್ಸ್ಕಿ ಮತ್ತು ಪ್ರೊಕೊಫೀವ್ ಅವರನ್ನು ತಲೆಯ ಮೇಲೆ ಹೊತ್ತುಕೊಂಡಿತ್ತು. ನಲವತ್ತು ದಾಟಿದ, ನೂರು ವರ್ಷ ಹಿಂದಿನ ಬೆಥೊವೆನ್‌ನ ವ್ಯಾಕರಣವನ್ನು ಇನ್ನೂ ಸತ್ಯವೆಂದು ನಂಬಿದ, ಕಚೇರಿಗಳಲ್ಲಿ ಹೆಚ್ಚಾಗಿ ತನ್ನದನ್ನೇ ನುಡಿಸಬಯಸುವ ವ್ಯಕ್ತಿಯನ್ನು ಕರೆಸಲು ಕಚೇರಿ ಏರ್ಪಡಿಸುವವರು ಮುಂದಾಗಲಿಲ್ಲ.

ಅವನು ಸುಮ್ಮನಿರಲೂ ಇಲ್ಲ. ‘ಕಲಾದೇವತೆ ಮತ್ತು ಫ್ಯಾಷನ್’ ಎಂಬ ಅರ್ಥದ ಹೆಸರಿಟ್ಟು ಒಂದು ಪುಸ್ತಕ ಬರೆದ. 1935ರಲ್ಲಿ ಅದನ್ನು ಅಚ್ಚು ಹಾಕಿಸಿದವನೂ ರಾಖ್ಮಾನಿನೊವ್‌ನೇ, ತನ್ನ ಪ್ಯಾರಿಸ್ಸಿನ ಪ್ರಕಾಶನದಿಂದ. ಸಂಗೀತಕ್ಕೆ ಯಾರೂ ಸೃಷ್ಟಿಸದ, ಎಲ್ಲರೂ ಅರಸಬೇಕಾದ ಮೂಲ ನಿಯಮಗಳಿವೆ, ಅವುಗಳನ್ನು ಮುರಿಯುವುದೇ ಹೊಸತನವೆಂದು ಬಗೆಯುವುದು ಭ್ರಮೆ ಎಂಬುದು ಅದರ ವಾದ. ಈ ವಾದವನ್ನು ನಾನು ಪೂರ್ತಿ ಒಪ್ಪಲಾರೆ. ಸ್ಟ್ರಾವಿನ್ಸ್ಕಿಯ ಸಂಗೀತದಲ್ಲಿ ಇರುವ ನೆಲದ ಬಿಸಿಯನ್ನು ಮೆಟ್ನರ್ ಕೇಳಿಸಿಕೊಳ್ಳಲಿಲ್ಲವೆಂದೇ ನನ್ನ ಭಾವನೆ. ಆದರೆ ಆ ನಿಲುವನ್ನು ಸೋತವನ ಹೊಟ್ಟೆಕಿಚ್ಚೆಂದು ಕರೆಯುವುದು ಅನ್ಯಾಯ, ಏಕೆಂದರೆ ಯಾರೂ ಅವನನ್ನು ಸೋಲಿಸುವ ಮೊದಲೇ, ಇಪ್ಪತ್ತರ ಹರೆಯದಲ್ಲೇ ಅವನು ಬರೆಯುತ್ತಿದ್ದ ಸಂಗೀತ ಇದೇ ನಂಬಿಕೆಯ ಮೇಲೆ ನಿಂತಿತ್ತು.

ಅವನನ್ನು ಕಾಲ ಹಿಂದೆ ಬಿಟ್ಟಿತು ಎಂಬ ವಿವರಣೆಯೂ ನನಗೆ ಸಾಲದು. ರಾಖ್ಮಾನಿನೊವ್ ಕೂಡ ಹಳೆಯ ಭಾಷೆಯಲ್ಲೇ ಬರೆದವನು. ಅವನ ಕಚೇರಿಗಳಿಗೆ ಜನ ಕಿಕ್ಕಿರಿದು ಸೇರುತ್ತಿದ್ದರು. ವ್ಯತ್ಯಾಸವಿರುವುದು ಸಂಗೀತ ನಮ್ಮನ್ನು ಭೇಟಿಯಾಗುವ ರೀತಿಯಲ್ಲಿ. ರಾಖ್ಮಾನಿನೊವ್‌ನ ದೀರ್ಘ ರಾಗಧಾರೆ ಮೊದಲ ಸಲ ಕೇಳಿದವನನ್ನೇ ಎತ್ತಿಕೊಂಡು ಹೋಗುತ್ತದೆ. ಮೆಟ್ನರ್‌ನಲ್ಲಿ ಮೊದಲು ಕೇಳುವುದು ಒಂದು ಸಣ್ಣ ಸ್ವರಗುಚ್ಛ, ಕೆಲವೊಮ್ಮೆ ಐದಾರು ಸ್ವರಗಳದ್ದು, ನೋಡಲು ಏನೂ ಅಲ್ಲದ್ದು. ಅದು ಎಡಗೈಗೆ ಹೋಗುತ್ತದೆ, ತಲೆಕೆಳಗಾಗುತ್ತದೆ, ಇನ್ನೊಂದು ಗುಚ್ಛದ ಬೆನ್ನಿಗೆ ಕೂರುತ್ತದೆ, ಹತ್ತು ನಿಮಿಷದ ಮೇಲೆ ಬೇರೊಂದು ಲಯದ ವೇಷದಲ್ಲಿ ಬಾಗಿಲು ತಟ್ಟುತ್ತದೆ. ಬಂದದ್ದು ಅದೇ ಎಂದು ಗುರುತು ಹಿಡಿದಾಗ ಆಗುವ ಸಂತೋಷವೇ ಈ ಸಂಗೀತದ ತಿರುಳು, ಮತ್ತು ಮೊದಲ ಸಲ ಕೇಳುವವನಿಗೆ ಗುರುತು ಹಿಡಿಯಲು ನೆನಪೇ ಇರುವುದಿಲ್ಲ. 1911ರ ಹೊತ್ತಿಗೆ ಬರೆದ ‘ಇರುಳ ಗಾಳಿ’ ಸೊನಾಟಾ ಅರ್ಧ ಗಂಟೆಗೂ ಮೀರಿ ನಿಲ್ಲದೆ ಸಾಗುವ ಒಂದೇ ಓಟ. ಅದರ ತಲೆಬರಹವಾಗಿ ತ್ಯೂತ್ಚೆವ್ ಕವಿಯ ಪದ್ಯವಿದೆ. ಇರುಳ ಗಾಳಿಯೇ, ಏಕೆ ಹೀಗೆ ಊಳಿಡುತ್ತಿ, ಆದಿಯ ಅಂಧಕಾರದ ಭಯಂಕರ ಹಾಡನ್ನು ಹಾಡಬೇಡ ಎಂದು ಕವಿ ಅದರಲ್ಲಿ ಬೇಡಿಕೊಳ್ಳುತ್ತಾನೆ. ಇಂಥದ್ದನ್ನು ಒಂದು ಸಂಜೆ, ಒಂದೇ ಸಲ ಕೇಳಿ ಎದ್ದುಹೋದ ಸಭಿಕ ಗೊಂದಲದ ನೆನಪೊಂದನ್ನೇ ಮನೆಗೆ ಒಯ್ದಿದ್ದರೆ ತಪ್ಪು ಅವನದಲ್ಲ.

ನಮ್ಮ ಸಂಗೀತದಲ್ಲಿ ಈ ಕಷ್ಟ ಹುಟ್ಟುವುದೇ ಕಡಿಮೆ. ಕಚೇರಿಯಲ್ಲಿ ಕೂತ ರಸಿಕನಿಗೆ ಕೃತಿ ಮೊದಲೇ ಗೊತ್ತಿರುತ್ತದೆ. ಗೊತ್ತಿರುವುದರಿಂದಲೇ ಇವತ್ತಿನ ಸಂಗತಿ ಎಲ್ಲಿ ತಿರುಗಿತು, ಒಂದು ಸಾಲನ್ನೇ ಹಿಗ್ಗಿಸಿ ಹಾಡುವ ನೆರವಲು ಎಷ್ಟು ದೂರ ಹೋಗಿ ಬಂತು ಎಂಬುದು ಅವನಿಗೆ ಕಾಣುತ್ತದೆ. ಅತ್ತೆಯ ಮನೆಯ ಗೋಡೆಯಾಚೆಯಿಂದ ನೂರು ಸಲ ಕೇಳಿದ್ದರಿಂದ ತಾನೇ ಗಂಭೀರನಾಟ ನನ್ನದಾದದ್ದು. ಮೆಟ್ನರ್‌ಗೆ ಬೇಕಾಗಿದ್ದದ್ದೂ ಆ ಬಗೆಯ ಕೇಳುಗ. 1920ರ, 30ರ ಯೂರೋಪಿನಲ್ಲಿ ಯಾರೂ ಮತ್ತೆ ನುಡಿಸದ, ಗ್ರಾಮಫೋನ್ ತಟ್ಟೆಗೆ ಇಳಿಯದ ಕೃತಿಯನ್ನು ಎರಡನೆಯ ಸಲ ಕೇಳುವ ಅವಕಾಶವೇ ಇರಲಿಲ್ಲ. ಯಾರೂ ಕೇಳದ್ದರಿಂದ ಯಾರೂ ನುಡಿಸರು, ಯಾರೂ ನುಡಿಸದ್ದರಿಂದ ಯಾರೂ ಕೇಳರು.

1935ರಲ್ಲಿ ಮೆಟ್ನರ್ ದಂಪತಿ ಲಂಡನ್ನಿಗೆ ಬಂದು ಗೋಲ್ಡರ್ಸ್ ಗ್ರೀನ್‌ನಲ್ಲಿ ನೆಲೆಸಿದರು. ಪಾಠ ಹೇಳುವುದು, ಆಗೊಂದು ಈಗೊಂದು ಕಚೇರಿ, ಜರ್ಮನ್ ಪ್ರಕಾಶಕರಿಂದ ಬರುತ್ತಿದ್ದ ಚಿಕ್ಕ ಗೌರವಧನ, ಇಷ್ಟರಲ್ಲಿ ಬದುಕು. ಎರಡನೆಯ ಮಹಾಯುದ್ಧ ಆರಂಭವಾದಾಗ ಜರ್ಮನಿಯ ಹಣ ನಿಂತಿತು. ಲಂಡನ್ನಿನ ಮೇಲೆ ಬಾಂಬುಗಳು ಬೀಳತೊಡಗಿದ ಮೇಲೆ ಅವರಿಗೆ ಆಶ್ರಯ ಕೊಟ್ಟದ್ದು ಶಿಷ್ಯೆ, ಪಿಯಾನೊ ವಾದಕಿ ಎಡ್ನಾ ಐಲ್ಸ್ ಮತ್ತು ಆಕೆಯ ಮನೆಯವರು. ವಾರಿಕ್‌ಶೈರ್‌ನ ಆ ಆಶ್ರಯದಲ್ಲಿ, 1942ರಲ್ಲಿ ಆದ ಹೃದಯಾಘಾತದಿಂದ ಚೇತರಿಸಿಕೊಳ್ಳುತ್ತ, ಅವನು ಮೂರನೆಯ ಕನ್ಸರ್ಟೊವನ್ನು ಮುಗಿಸಿದ. ನದಿಯ ತಳದಲ್ಲಿ ಮಲಗಿದ ವೀರನನ್ನು ಜಲಕನ್ಯೆ ಮುತ್ತಿಟ್ಟರೂ ಅವನು ಏಳದಿರುವ, ರಷ್ಯನ್ ಕವಿ ಲೆರ್ಮೊಂತೊವ್‌ನ ಪದ್ಯ ಅದರ ಮೊದಲ ಭಾಗದ ಹಿನ್ನೆಲೆ. ಮುಂದಿನ ಭಾಗಗಳಲ್ಲಿ ಆ ವೀರ ಎಚ್ಚರಗೊಳ್ಳುತ್ತಾನೆ. 1943ರ ಮಾರ್ಚಿನಲ್ಲಿ ಅಮೆರಿಕದಲ್ಲಿ ರಾಖ್ಮಾನಿನೊವ್ ತೀರಿಕೊಂಡ. ಮರುವರ್ಷ ಲಂಡನ್ನಿನ ಆಲ್ಬರ್ಟ್ ಹಾಲ್‌ನಲ್ಲಿ ಮೆಟ್ನರ್ ತಾನೇ ಕನ್ಸರ್ಟೊವನ್ನು ನುಡಿಸಿದಾಗ, ಅದನ್ನು ಎಲ್ಲರಿಗಿಂತ ಮೊದಲು ಅರ್ಥ ಮಾಡಿಕೊಳ್ಳಬಹುದಾಗಿದ್ದ ಗೆಳೆಯ ಈ ಲೋಕದಲ್ಲಿರಲಿಲ್ಲ.

ಮೈಸೂರು ಈ ಕಥೆಯೊಳಗೆ ಬರುವುದು ಇಲ್ಲಿಂದ. 1919ರಲ್ಲಿ ಹುಟ್ಟಿದ ಜಯಚಾಮರಾಜ ಒಡೆಯರಿಗೆ ಎಳವೆಯಲ್ಲಿ ಇದ್ದ ಆಸೆ ಪಿಯಾನೊ ಕಚೇರಿ ಕೊಡುವ ವಾದಕನಾಗುವುದು. 1940ರಲ್ಲಿ ಮೊದಲು ತಂದೆ ಕಂಠೀರವ ನರಸಿಂಹರಾಜ ಒಡೆಯರು, ಕೆಲವು ತಿಂಗಳಲ್ಲೇ ದೊಡ್ಡಪ್ಪ ನಾಲ್ವಡಿ ಕೃಷ್ಣರಾಜ ಒಡೆಯರು ತೀರಿಕೊಂಡಾಗ, ಇಪ್ಪತ್ತೊಂದರ ತರುಣ ಸಿಂಹಾಸನವೇರಬೇಕಾಯಿತು. ಆಸೆ ಅಲ್ಲಿಗೆ ಮುಗಿಯಿತು. ನುಡಿಸಲಾಗದವರು ಕೇಳುಗರಾದರು. ಯುದ್ಧದ ನಂತರ ಮೈಸೂರಿಗೆ ಬಂದುಹೋದ ಇಂಗ್ಲೆಂಡಿನ ಧ್ವನಿಮುದ್ರಣ ನಿರ್ಮಾಪಕ ವಾಲ್ಟರ್ ಲೆಗ್, ಅರಮನೆಯ ಅಪಾರ ತಟ್ಟೆಗಳ ಸಂಗ್ರಹವನ್ನೂ ಬಗೆಬಗೆಯ ಧ್ವನಿವರ್ಧಕಗಳನ್ನೂ ದೊಡ್ಡ ಪಿಯಾನೊಗಳನ್ನೂ ಕಂಡು ಬೆರಗಾದದ್ದನ್ನು ಬರೆದಿಟ್ಟಿದ್ದಾನೆ. ಆ ಸಂಗ್ರಹದಲ್ಲಿ ಮೆಟ್ನರ್ ಬೇಕಾದಷ್ಟು ಇರಲಿಲ್ಲ, ಏಕೆಂದರೆ ಲೋಕದಲ್ಲೇ ಇರಲಿಲ್ಲ. ಹಾಗಾದರೆ ಮಾಡಿಸಬೇಕು ಎಂದು ಮಹಾರಾಜರು ತೀರ್ಮಾನಿಸಿದರು. ಅವನ ಕೃತಿಗಳನ್ನು ತಟ್ಟೆಗೆ ಇಳಿಸಲೆಂದೇ ಮೆಟ್ನರ್ ಸೊಸೈಟಿ ಹುಟ್ಟಿದ್ದು ಹೀಗೆ.

1947ರಲ್ಲಿ ಎಚ್‌ಎಂವಿ ಕಂಪನಿಗಾಗಿ ಮೆಟ್ನರ್ ತನ್ನ ಮೂರೂ ಕನ್ಸರ್ಟೊಗಳನ್ನು ಫಿಲ್ಹಾರ್ಮೋನಿಯಾ ವಾದ್ಯವೃಂದದೊಂದಿಗೆ ನುಡಿಸಿದ. ಆಗಿನದು ನಿಮಿಷಕ್ಕೆ 78 ಸುತ್ತು ತಿರುಗುವ ತಟ್ಟೆ, ಒಂದು ಮಗ್ಗುಲಿಗೆ ನಾಲ್ಕೂವರೆ ನಿಮಿಷದಷ್ಟೇ ಜಾಗ. ಅರ್ಧ ಗಂಟೆ ಮೀರುವ ಒಂದು ಕನ್ಸರ್ಟೊ ಎಂಟೊಂಬತ್ತು ತುಂಡಾಗಬೇಕು, ತುಂಡಿನೊಳಗೆ ತಪ್ಪಿದರೆ ತುಂಡನ್ನು ಮೊದಲಿಂದ ನುಡಿಸಬೇಕು. ಅರವತ್ತೇಳರ, ಹೃದಯ ದುರ್ಬಲವಾದ ಮನುಷ್ಯ ಇದನ್ನು ಮಾಡಿದ. ಹಾಡುಗಳು, ಸ್ಕಾಜ್ಕಾಗಳು, ವಯೊಲಿನ್ ಸೊನಾಟಾ ಒಂದಾದ ಮೇಲೊಂದರಂತೆ ತಟ್ಟೆಗೆ ಇಳಿದವು. ತರುಣ ವಯಸ್ಸಿನಲ್ಲಿ ಆರಂಭಿಸಿ ನಲವತ್ತು ವರ್ಷಕ್ಕೂ ಮೀರಿ ತೆಗೆದಿಟ್ಟುಕೊಂಡು ತಿದ್ದುತ್ತಿದ್ದ ಪಿಯಾನೊ ಕ್ವಿಂಟೆಟ್ ಈ ದಿನಗಳಲ್ಲೇ ಮುಗಿಯಿತು, ಅದೂ ಧ್ವನಿಮುದ್ರಣವಾಯಿತು. ತನ್ನ ಕೃತಿಗಳ ಬಗ್ಗೆ ತೋರಿದ ಮೆಚ್ಚುಗೆಗೂ ಅವುಗಳಿಗೆ ಕೊಟ್ಟ ನೆರವಿಗೂ ಕೃತಜ್ಞತೆಯಿಂದ ಮೂರನೆಯ ಕನ್ಸರ್ಟೊ ಮೈಸೂರಿನ ಮಹಾರಾಜರ ಹೆಸರು ಹೊತ್ತಿತು.

ಇಲ್ಲಿ ನನ್ನನ್ನು ಕಾಡುವ ಒಂದು ಪ್ರಶ್ನೆಯನ್ನು ದಾಟಿ ಹೋಗಲಾರೆ. 1947 ಎಂದರೆ ಮೈಸೂರು ಸಂಸ್ಥಾನದ ಜನ ಜವಾಬ್ದಾರಿ ಸರ್ಕಾರಕ್ಕಾಗಿ ಬೀದಿಗಿಳಿದ ವರ್ಷ. ಸೆಪ್ಟೆಂಬರಿನಲ್ಲಿ ‘ಮೈಸೂರು ಚಲೋ’ ಆರಂಭವಾಯಿತು, ಅಕ್ಟೋಬರ್ ಕೊನೆಯಲ್ಲಿ ಕೆ.ಸಿ. ರೆಡ್ಡಿಯವರು ಮೊದಲ ಮುಖ್ಯಮಂತ್ರಿಯಾದರು. ನನ್ನ ಅಜ್ಜಿಯ ತಲೆಮಾರಿನವರು ಜೈಲಿಗೆ ಹೋಗುತ್ತಿದ್ದ ಕಾಲದಲ್ಲಿ ಇಲ್ಲಿಯ ಅರಮನೆಯ ಹಣ ಲಂಡನ್ನಿನ ಸ್ಟುಡಿಯೊಗೆ ಹೋಗುತ್ತಿತ್ತು. ಲೆಗ್‌ನ ಫಿಲ್ಹಾರ್ಮೋನಿಯಾಕ್ಕೆ ವರ್ಷಕ್ಕೆ 10,000 ಪೌಂಡಿನಂತೆ ಮೂರು ವರ್ಷ ನೆರವು ಕೊಡಲು ಮಹಾರಾಜರು ಒಪ್ಪಿದ್ದರು. 1950ರ ಮೇ ತಿಂಗಳಲ್ಲಿ ಜರ್ಮನ್ ರಚನಕಾರ ರಿಚರ್ಡ್ ಸ್ಟ್ರಾಸ್‌ನ ಕೊನೆಯ ನಾಲ್ಕು ಹಾಡುಗಳನ್ನು ಲಂಡನ್ನಿನಲ್ಲಿ ಮೊದಲ ಸಲ ಹಾಡಿದಾಗ ಅದಕ್ಕೆ ಹಣದ ಭರವಸೆ ಕೊಟ್ಟವರೂ ಅವರೇ. ಅರಸೊತ್ತಿಗೆ ಹೋಗಬೇಕಾಗಿತ್ತು, ಹೋದದ್ದು ಒಳ್ಳೆಯದಾಯಿತು ಎಂಬುದರಲ್ಲಿ ನನಗೆ ಎರಡು ಮಾತಿಲ್ಲ. ಅದೇ ಉಸಿರಿನಲ್ಲಿ, ಆ ಹಣ ಹೀಗೆ ಖರ್ಚಾಗದಿದ್ದರೆ ಮೆಟ್ನರ್‌ನ ಬೆರಳು ತನ್ನ ಕನ್ಸರ್ಟೊಗಳನ್ನು ನುಡಿಸಿದ್ದು ಹೇಗಿತ್ತೆಂಬುದು ಲೋಕಕ್ಕೆ ತಿಳಿಯುತ್ತಿರಲಿಲ್ಲವೆಂಬುದೂ ನಿಜ. ಈ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲು ನನಗೆ ಬಂದಿಲ್ಲ. ಎರಡನ್ನೂ ಇಟ್ಟುಕೊಂಡೇ ಆ ತಟ್ಟೆಗಳನ್ನು ಕೇಳುತ್ತೇನೆ.

ಎಲ್ಲ ಕೃತಿಗಳನ್ನೂ ಧ್ವನಿಮುದ್ರಿಸಬೇಕೆಂಬ ಯೋಜನೆ ಪೂರ್ತಿಯಾಗಲಿಲ್ಲ. 1951ರ ನವೆಂಬರ್ 13ರಂದು ಮೆಟ್ನರ್ ತೀರಿಕೊಂಡ. ಏಳು ವರ್ಷಗಳ ಮೇಲೆ, ಎಂಬತ್ತು ದಾಟಿದ್ದ ಆನ್ನಾ ಗಂಡನ ಹಸ್ತಪ್ರತಿಗಳನ್ನು ಹೊತ್ತು ಮಾಸ್ಕೋಗೆ ಮರಳಿದಳು. ಊರು ಬಿಟ್ಟುಹೋದವನೆಂದು ಮರೆಯಲಾಗಿದ್ದವನ ಸಮಗ್ರ ಕೃತಿಗಳು 1959ರಿಂದ 1963ರ ಒಳಗೆ ಅಲ್ಲಿ ಹನ್ನೆರಡು ಸಂಪುಟಗಳಾಗಿ ಅಚ್ಚಾದವು. ರಷ್ಯಾ ಬಿಡುವ ಮುನ್ನ ಬರೆದ ‘ನೆನಪಿನ ಸೊನಾಟಾ’ವನ್ನು ಪಿಯಾನೊ ವಾದಕ ಎಮಿಲ್ ಗಿಲೆಲ್ಸ್ ನುಡಿಸಿ ಸಾವಿರಾರು ಜನರಿಗೆ ತಲುಪಿಸಿದ. ಮುಂದೆ ಸೊನಾಟಾಗಳನ್ನು ಇಡಿಯಾಗಿ ಧ್ವನಿಮುದ್ರಿಸಿದವರು ಬಂದರು: ಕೆನಡಾದ ಮಾರ್ಕ್-ಆಂದ್ರೆ ಹ್ಯಾಮ್ಲಿನ್, ಆಸ್ಟ್ರೇಲಿಯಾದ ಜೆಫ್ರಿ ಟೋಜರ್. ಈ ಟೋಜರ್ ಹುಟ್ಟಿದ್ದು ನಮ್ಮ ಮಸ್ಸೂರಿಯಲ್ಲಿ. ಕೊನೆಯ ವರ್ಷಗಳಲ್ಲಿ ಅವನನ್ನೂ ಅವನ ದೇಶ ಹೆಚ್ಚುಕಡಿಮೆ ಮರೆತಿತ್ತೆಂಬುದನ್ನು ಬರೆಯುವಾಗ ಕೈ ತಡೆಯುತ್ತದೆ.

ಕಳೆದ ದಸರಾಕ್ಕೆ ಊರಿಗೆ ಹೋದಾಗ ಅತ್ತೆಗೆ ‘ಇರುಳ ಗಾಳಿ’ಯನ್ನು ಕೇಳಿಸಿದೆ. ಅವರಿಗೆ ಈಗ ಎಂಬತ್ತರ ಮೇಲೆ, ದನಿ ಏಳುವುದಿಲ್ಲ, ಕಿವಿ ಮಾತ್ರ ಚುರುಕು. ಮೊದಲ ಕೆಲವು ನಿಮಿಷ ಸುಮ್ಮನೆ ಕೂತಿದ್ದರು. ನಮ್ಮಲ್ಲಿ ಖಂಡ ಎನ್ನುವ ಐದು ಎಣಿಕೆಯ, ಪ್ರತಿ ಎಣಿಕೆಯೂ ತಿಶ್ರದಂತೆ ಮೂರಾಗಿ ಒಡೆಯುವ ಭಾಗ ಬಂದಾಗ ತೊಡೆಯ ಮೇಲೆ ಅವರ ಬೆರಳು ತಾನಾಗಿ ಆಡತೊಡಗಿತು. ಸ್ವಲ್ಪ ಹೊತ್ತಿಗೆ ನಿಂತಿತು, ಮತ್ತೆ ಹಿಡಿಯಲು ನೋಡಿತು, ಮತ್ತೆ ನಿಂತಿತು.

“ಖಂಡ ಅಂದ್ಕೊಂಡು ಹಾಕ್ತಾ ಇದ್ದೆ ಕಣೋ, ಒಳಗೆ ತಿಶ್ರ ಇಟ್ಟಿದಾನೆ. ತಪ್ಪಿಹೋಯ್ತು,” ಅಂದರು. “ನಿಲ್ಸು. ಮೊದಲಿಂದ ಹಾಕು.”